ಹರಳಿನ ಮೇಲೆ ಮೂರು ಗೆರೆ

ದಸರಾ ರಜೆ ಮುಗಿದ ಬೆಳಿಗ್ಗೆ ಲೇಸರ್ ಹಚ್ಚಿದರೆ, ಪರದೆಯ ಮೇಲೆ ಕೆಂಪು ಚುಕ್ಕೆ ಮೂಡಬೇಕಾದ ಜಾಗದಲ್ಲಿ ಕೆಂಪು ಉರಿ ಎದ್ದಿತ್ತು. ಮೇಲಕ್ಕೂ ಕೆಳಕ್ಕೂ ನೆಟ್ಟಗೆ ಚಾಚಿಕೊಂಡ ಉರಿ. ಅದರ ಬೆಳಕು ಚೆಲ್ಲಾಡಿ, ಕತ್ತಲಾಗಿರಬೇಕಾದ ಕೋಣೆಯೆಲ್ಲ ಕೆಂಪಗೆ ಕಾಣುತ್ತಿತ್ತು. ಮಸೂರಗಳನ್ನು ಒಂದೊಂದಾಗಿ ತೆಗೆದು ನೋಡಿದೆ, ಕನ್ನಡಿ ತಿರುಗಿಸಿದೆ, ಲೇಸರನ್ನು ಆರಿಸಿ ಮತ್ತೆ ಹಚ್ಚಿದೆ. ಉರಿ ಜಪ್ಪಯ್ಯ ಅಂದರೂ ಹೋಗಲಿಲ್ಲ. ಕೊನೆಗೆ ನೋಡದೆ ಉಳಿದದ್ದು ಹರಳೊಂದೇ.

"ಸಾರ್, ಸ್ವಲ್ಪ ಬನ್ನಿ," ಎಂದು ಕೂಗಿದೆ.

ನಮ್ಮ ಮುಖ್ಯಸ್ಥರಾದ ಕರಿಬಸಪ್ಪನವರು ಪಕ್ಕದ ಕೋಣೆಯಿಂದ ಬಂದು ನನ್ನ ಹಿಂದೆ ನಿಂತರು. ಅವರು ಸುಮ್ಮನೆ ನಿಲ್ಲುವ ಮನುಷ್ಯರಲ್ಲ. ಒಂದು ಸ್ಕ್ರೂ ಸಡಿಲವಾಗಿದ್ದರೂ ಅದರ ಕುಲಗೋತ್ರ ವಿಚಾರಿಸುವವರು. ಆವತ್ತು ಪರದೆಯನ್ನು ನೋಡಿದರು, ಹರಳನ್ನು ನೋಡಿದರು, ಏನೂ ಕೇಳಲಿಲ್ಲ.

"ಕಮಿಟಿ ಹನ್ನೊಂದಕ್ಕೆ ಬರತ್ತೆ," ಎಂದರು. ನಮ್ಮ ಯಂತ್ರ ಪರೀಕ್ಷಿಸಲು ದೆಹಲಿಯಿಂದ ಕಮಿಟಿ ಬರುವುದೇನು ನನಗೆ ಗೊತ್ತಿಲ್ಲದ ವಿಷಯವಲ್ಲ.

ಅದು ತುರ್ತು ಪರಿಸ್ಥಿತಿಯ ಮೊದಲ ದಸರಾ. ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಬೋರ್ಡಿಲ್ಲದ ಎರಡು ಶೆಡ್ಡುಗಳೇ ನಮ್ಮ ಪ್ರಯೋಗಾಲಯ. ಒಂದು ಪಕ್ಕದವರು ಊದುಬತ್ತಿ ಹೊಸೆಯುತ್ತಿದ್ದರು, ಇನ್ನೊಂದು ಪಕ್ಕದವರು ಟಿಫನ್ ಕ್ಯಾರಿಯರ್ ಮಾಡುತ್ತಿದ್ದರು. ನಾವೇನು ಮಾಡುತ್ತೇವೆ ಅಂತ ಯಾರಾದರೂ ಕೇಳಿದರೆ ಮೀಟರ್ ರಿಪೇರಿ ಅನ್ನಬೇಕೆಂದು ಅಪ್ಪಣೆಯಾಗಿತ್ತು. ಟಿಫನ್ ಕ್ಯಾರಿಯರಿನವರ ತಗಡು ಒತ್ತುವ ಪ್ರೆಸ್ಸು ಧಡ್ ಅಂದಾಗಲೆಲ್ಲ ನಮ್ಮ ಬೆಳಕು ನಡುಗುತ್ತಿದ್ದರಿಂದ, ಕಲ್ಲಿನ ಮೇಜನ್ನು ಗಾಳಿ ತುಂಬಿದ ಸ್ಕೂಟರ್ ಟ್ಯೂಬುಗಳ ಮೇಲೆ ಕೂರಿಸಿದ್ದೆವು. ದೇಶದ ರಕ್ಷಣೆ ಸ್ಕೂಟರ್ ಟ್ಯೂಬಿನ ಮೇಲೆ ನಿಂತಿದೆ ಎಂದು ನಾನು ತಮಾಷೆ ಮಾಡಿದರೆ ಕರಿಬಸಪ್ಪನವರು ನಗುತ್ತಿರಲಿಲ್ಲ.

ಕೆಲಸ ಇಷ್ಟು. ನಮ್ಮ ವಿಮಾನ ಗಡಿಯ ಹತ್ತಿರ ಹಾರುವಾಗ ಅದನ್ನು ಎಷ್ಟು ರಾಡಾರುಗಳು ಹುಡುಕುತ್ತಿವೆ ಎಂದು ಪೈಲಟ್ಟಿಗೆ ಆ ಕ್ಷಣವೇ ತಿಳಿಯಬೇಕು. ರೇಡಿಯೋದ ಮುಳ್ಳು ತಿರುಗಿಸಿ ಒಂದೊಂದೇ ಸ್ಟೇಷನ್ ಹುಡುಕಿದ ಹಾಗೆ ಹುಡುಕುತ್ತ ಕೂತರೆ ವಿಮಾನ ಉಳಿಯುವುದಿಲ್ಲ. ಅದಕ್ಕೆ ನಮ್ಮ ಉಪಾಯವೇ ಬೇರೆ. ಬಂದ ಸಂಕೇತಗಳನ್ನೆಲ್ಲ ಒಟ್ಟಿಗೇ ಸದ್ದಾಗಿ ಮಾರ್ಪಡಿಸಿ ಹರಳಿನ ಒಂದು ತುದಿಯಿಂದ ಒಳಗೆ ಬಿಡುವುದು. ಕಿವಿಗೆ ಕೇಳದಷ್ಟು ಕೀಚಲು ಸದ್ದು ಅದು. ಹರಳಿನೊಳಗೆ ಅದು ಅಲೆಯಲೆಯಾಗಿ ಎಡದಿಂದ ಬಲಕ್ಕೆ ಓಡುವಾಗ, ಎದುರಿನಿಂದ ಲೇಸರಿನ ಬೆಳಕು ಹಾಯಿಸಿದರೆ ಆ ಬೆಳಕು ಬಾಗುತ್ತದೆ. ಸದ್ದು ಕೀಚಲಾದಷ್ಟೂ ಹೆಚ್ಚು ಬಾಗುತ್ತದೆ. ಹಾಗಾಗಿ ಒಂದೊಂದು ರಾಡಾರೂ ಪರದೆಯ ಮೇಲೆ ಒಂದೇ ಅಡ್ಡಸಾಲಿನಲ್ಲಿ ತನ್ನ ತನ್ನ ಜಾಗ ಹಿಡಿದು ಕೆಂಪು ಚುಕ್ಕೆಯಾಗಿ ಕೂತುಬಿಡುತ್ತದೆ. ಎಷ್ಟು ಚುಕ್ಕೆಯೋ ಅಷ್ಟು ರಾಡಾರು.

ಇಷ್ಟೆಲ್ಲ ನಡೆಯುವುದು ಬೆಂಕಿಪೊಟ್ಟಣದ ಗಾತ್ರದ ಒಂದು ಹರಳಿನಲ್ಲಿ. ಅಂಥ ಹರಳನ್ನು ಪರದೇಶದಿಂದಲೇ ತರಿಸಬೇಕು. ಮೊದಲು ಬಂದದ್ದು ಬಿರುಕುಬಿಟ್ಟಿತ್ತು. ಇದು ಎರಡನೆಯದು. ಮೂರನೆಯದಕ್ಕೆ ಪರವಾನಗಿ ಸಿಗುವಷ್ಟರಲ್ಲಿ ಕರಿಬಸಪ್ಪನವರು ರಿಟೈರಾಗಿ ಮೊಮ್ಮಕ್ಕಳನ್ನು ಶಾಲೆಗೆ ಬಿಟ್ಟು ಬರುತ್ತಿರುತ್ತಾರೆ.

ನನ್ನ ಕೂಗು ಭದ್ರತಾ ಅಧಿಕಾರಿ ಚನ್ನಕೇಶವನ ಕಿವಿಗೆ ಬಿದ್ದಿತ್ತು. ಆ ಮನುಷ್ಯ ಜೂನ್ ತಿಂಗಳವರೆಗೆ ಗೇಟಿನ ಬೀಗ ಸರಿಯಾಗಿದೆಯೇ ನೋಡಿಕೊಂಡು ಕಾಫಿ ಕುಡಿದುಕೊಂಡು ಇದ್ದವನು. ತುರ್ತು ಪರಿಸ್ಥಿತಿ ಬಂದದ್ದೇ, ಅವನ ಬೂಟುಗಳು ಸದ್ದು ಮಾಡಲು ಕಲಿತವು.

"ಹರಳು ಹಾಳಾಗಿದೆಯಂತೆ?" ಎಂದ.

"ಹಾಳಾಗಿದೆ ಅಂತ ಯಾರಂದ್ರು? ನೋಡ್ತಾ ಇದೀವಿ," ಎಂದೆ.

"ಹಬ್ಬದ ಹಿಂದಿನ ಸಂಜೆ ಸರಿ ಇತ್ತಲ್ವಾ ಮೇಡಂ? ಇವತ್ತಿಲ್ಲ. ಅಂದ್ಮೇಲೆ ನಡುವೆ ಯಾರೋ ಕೈ ಹಾಕಿದಾರೆ. ಕೆಲಸದೋರೆಲ್ಲ ಹೋದ್ಮೇಲೆ ವಾಪಸ್ ಬಂದೋನು ಒಬ್ನೇ. ಗೇಟಿನೋನು ನೋಡಿದಾನೆ. ಮುನಿರಾಜು."

ಮುನಿರಾಜು ನಮ್ಮ ಲೇತು ನಡೆಸುವವನು. ಅತ್ತಿಗುಪ್ಪೆಯವನು. ಅವರಪ್ಪ ರಾಗಿ ಬೆಳೆಯುತ್ತಿದ್ದ ಹೊಲ ವಿಜಯನಗರ ಬಡಾವಣೆಯ ಸೈಟುಗಳಾಗಿ ಹೋಗಿ, ಅವನಿಗೆ ಉಳಿದದ್ದು ಈ ಕೆಲಸ, ಒಂದು ಸೈಕಲ್ಲು, ಹೆಂಡತಿ ಅಕ್ಕಯ್ಯಮ್ಮ ಮತ್ತು ಮೂವರು ಹೆಣ್ಣುಮಕ್ಕಳು. ಹಬ್ಬದ ಹಿಂದಿನ ಸಂಜೆ ಗೇಟಿನ ಹತ್ತಿರ ಆಯುಧಪೂಜೆ ಮಾಡಿ, ಬೂದುಗುಂಬಳ ಒಡೆದು, ಎಲ್ಲರಿಗೂ ಕಡ್ಲೆಪುರಿ ಹಂಚಿದವನೂ ಅವನೇ. ಮನೆಯ ದಾರಿ ಹಿಡಿದವನು ಊಟದ ಡಬ್ಬಿ ಮರೆತೆನೆಂದು ವಾಪಸು ಬಂದಿದ್ದನಂತೆ.

ಅವನ ಮೇಲೆ ಹಳೆಯ ದೂರೂ ಇತ್ತು. ಹಿಂದಿನ ವರ್ಷದ ಹಬ್ಬದಲ್ಲಿ ಅವನು ಲೇತಿಗೆ ಮಾತ್ರ ಸಾಲದೆಂದು ಲೇಸರ್ ಕೋಣೆಯ ಮೇಜಿಗೂ ಅರಿಶಿನ ಕುಂಕುಮ ಇಟ್ಟು, ಊದುಬತ್ತಿ ಹಚ್ಚಿದ್ದರಿಂದ ಒಂದು ವಾರ ನಮಗೆ ಧೂಳು ಒರೆಸುವುದೇ ಕೆಲಸವಾಗಿತ್ತು. ಆಗ ಕರಿಬಸಪ್ಪನವರು ಬಾಗಿಲಿಗೆ ಒಂದು ಆಜ್ಞೆ ಅಂಟಿಸಿದ್ದರು: ಈ ಕೋಣೆಯೊಳಗೆ ಕುಂಕುಮ, ವಿಭೂತಿ, ಹೂವು, ಊದುಬತ್ತಿ ಯಾವುದೂ ತರಕೂಡದು. "ಲೇತಿಗೊಂದು ನ್ಯಾಯ, ಲೇಸರ್‌ಗೊಂದು ನ್ಯಾಯಾನಾ ಸಾರ್?" ಎಂದು ಮುನಿರಾಜು ಮುಖ ಊದಿಸಿಕೊಂಡು ತಿರುಗಿದ್ದ.

ಚನ್ನಕೇಶವ ಸ್ಟೇಷನ್ನಿಗೆ ಫೋನು ಮಾಡಿದ. ಜೀಪು ಬಂತು. ಇಬ್ಬರು ಪೊಲೀಸರು ಮುನಿರಾಜುವನ್ನು ಲೇತಿನ ಹತ್ತಿರದಿಂದ ತೋಳು ಹಿಡಿದು ಕರೆತಂದು ನಮ್ಮ ಕೋಣೆಯ ಬಾಗಿಲಲ್ಲಿ ನಿಲ್ಲಿಸಿದರು. ಅವನ ಕೈಗೆ ಇನ್ನೂ ಎಣ್ಣೆ ಮೆತ್ತಿತ್ತು.

"ನಾನ್ ಹರಳು ಮುಟ್ಟಿಲ್ಲ ಸಾರ್, ದೇವ್ರಾಣೆ," ಎಂದು ಅವನು ಕರಿಬಸಪ್ಪನವರನ್ನೇ ನೋಡುತ್ತ ಹೇಳಿದ. ಅವರು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಕಿಟಕಿಯ ಕಡೆ ತಿರುಗಿ ನಿಂತರು. ಕಿಟಕಿಯಾಚೆ ಇದ್ದದ್ದು ಊದುಬತ್ತಿಯವರ ಗೋಡೆ ಮಾತ್ರ.

"ಇವನನ್ನ ಯಾವ ಆಧಾರದ ಮೇಲೆ ಹಿಡೀತೀರಿ?" ಎಂದು ನಾನು ಚನ್ನಕೇಶವನ ಮೇಲೆ ರೇಗಿದೆ.

"ಇದು ರಾಡಾರ್ ಲ್ಯಾಬು ಮೇಡಂ, ಕಾಫಿ ಕ್ಲಬ್ಬಲ್ಲ. ಕಮಿಟಿ ಮುಂದೆ ನಿಮ್ಮ ಯಂತ್ರ ಸರಿಯಾಗಿ ನಡೀತು ಅಂದ್ರೆ ನೋಡೋಣ. ನಡೀಲಿಲ್ಲ ಅಂದ್ರೆ ಇದು ಸಂಚು. ಮೀಸಾ ಕಾಯ್ದೆ ಹಾಕಿ ಒಳಗೆ ಕಳಿಸ್ತಾರೆ. ಯಾವಾಗ ಬಿಡ್ತಾರೆ ಅಂತ ನನ್ನ ಕೇಳ್ಬೇಡಿ."

ಮುನಿರಾಜುವನ್ನು ಹೊರಗೆ ಸ್ಟೂಲಿನ ಮೇಲೆ ಕೂರಿಸಿದರು, ಎರಡೂ ಪಕ್ಕ ಪೊಲೀಸರು. ಆ ದಿನಗಳಲ್ಲಿ ಒಳಗೆ ಹೋದವರ ಮನೆಗೆ ಒಂದು ಕಾಗದವೂ ಬರುತ್ತಿರಲಿಲ್ಲ. ಮೂರು ಹೆಣ್ಣುಮಕ್ಕಳ ತಂದೆ ಜೈಲಿಗೆ ಹೋಗುತ್ತಾನೋ ಮನೆಗೆ ಹೋಗುತ್ತಾನೋ ಎನ್ನುವುದು ನನ್ನ ಪರದೆಯ ಮೇಲಿನ ಉರಿ ಆರುವುದರ ಮೇಲೆ ನಿಂತಿತ್ತು. ನನಗೆ ಭಯವಾಯಿತು. ಭಯವಾದರೆ ನನಗೆ ಸಿಟ್ಟು ಬರುತ್ತದೆ, ಸಿಟ್ಟು ಬಂದರೆ ಕೆಲಸ ಸಾಗುತ್ತದೆ.

ಹರಳನ್ನು ಅದರ ಹಿತ್ತಾಳೆ ಚೌಕಟ್ಟಿನ ಸಮೇತ ಬಿಚ್ಚಿ, ಟಾರ್ಚನ್ನು ಓರೆಯಾಗಿ ಹಿಡಿದು ನೋಡಿದೆ. ಹೊಳೆಯುವ ಮುಖದ ಮೇಲೆ ಗೀರುಗಳಿದ್ದವು. ಕೂದಲಿಗಿಂತ ಸಣ್ಣ ಗೀರುಗಳು, ಒಂದೆರಡಲ್ಲ, ರಾಶಿ. ಚೌಕಟ್ಟಿನ ಸಂದಿಯಲ್ಲಿ ಬೂದು ಬಣ್ಣದ ಪುಡಿ ಸೇರಿಕೊಂಡಿತ್ತು. ಸೂಜಿಯಲ್ಲಿ ಕೆದಕಿ ಬೆರಳ ಮೇಲಿಟ್ಟು ಉಜ್ಜಿದೆ. ವಿಭೂತಿ.

ಯಾರೋ ವಿಭೂತಿ ಹಚ್ಚಿದ್ದಾರೆ. ಆಮೇಲೆ ಗಾಬರಿಯಾಗಿ ಒಣ ಬಟ್ಟೆಯಲ್ಲಿ ಉಜ್ಜಿ ಒರೆಸಿದ್ದಾರೆ. ಹಚ್ಚಿದ್ದಷ್ಟೇ ಆಗಿದ್ದರೆ ಸ್ಪಿರಿಟ್ಟಿನಲ್ಲಿ ತೊಳೆದರೆ ಹೋಗುತ್ತಿತ್ತು. ಉಜ್ಜಿದ್ದರಿಂದ ಬೂದಿಯ ಕಣಕಣವೂ ಹರಳನ್ನು ಗೀರಿದೆ. ಇನ್ನು ಅದನ್ನು ಬ್ರಹ್ಮ ಬಂದರೂ ತೆಗೆಯಲಾಗದು.

ಲೇಸರಿನ ಮುಂದೆ ಒಂದು ಮಸೂರವಿಟ್ಟು ಬೆಳಕನ್ನು ಅಗಲ ಮಾಡಿ, ಹರಳಿನ ಮೂಲಕ ಗೋಡೆಗೆ ಹಾಯಿಸಿದೆ. ಹರಳಿನ ಮುಖ ಗೋಡೆಯ ಮೇಲೆ ತಟ್ಟೆಯಷ್ಟು ದೊಡ್ಡದಾಗಿ ಬಿತ್ತು. ಅದರಲ್ಲಿ ಮೂರು ಮಬ್ಬು ಪಟ್ಟೆಗಳು ಒಂದರ ಕೆಳಗೊಂದು ಅಡ್ಡಡ್ಡಲಾಗಿ ಕಂಡವು. ಮೂರು ಬೆರಳಿನಲ್ಲಿ ಎಳೆದವು, ಮೂರೂ ಒಂದೇ ಸಮ, ನಡುವಿನದು ಎಲ್ಲಕ್ಕಿಂತ ದಟ್ಟ.

ನಾನು ಅಲ್ಲೇ ಕುರ್ಚಿಯ ಮೇಲೆ ಕೂತೆ. ಮುನಿರಾಜುವಿನ ಬಲಗೈಯಲ್ಲಿ ನಡುವಿನ ಬೆರಳೇ ಇಲ್ಲ. ಇಲ್ಲಿಗೆ ಬರುವ ಮುಂಚೆ ಪಕ್ಕದ ಪ್ರೆಸ್ಸಿನಲ್ಲಿ ಕಳೆದುಕೊಂಡಿದ್ದ. ಎಡಗೈಯಲ್ಲಿ ವಿಭೂತಿ ಹಚ್ಚುವ ಹಿಂದೂ ಈ ಊರಿನಲ್ಲಿ ಹುಟ್ಟಿಲ್ಲ. ಕೋಣೆಯ ಬೀಗದ ಕೈ ಇರುವುದು ಇಬ್ಬರ ಹತ್ತಿರ. ಒಬ್ಬಳು ನಾನು, ಅಯ್ಯಂಗಾರರ ಮನೆಯ ಅಂಬುಜಾ. ನಮ್ಮ ಮನೆಯಲ್ಲಿ ವಿಭೂತಿ ಹುಡುಕಿದರೂ ಸಿಗುವುದಿಲ್ಲ. ಇನ್ನೊಬ್ಬರು ದಿನಾ ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹಣೆಯ ತುಂಬ ಮೂರು ಗೆರೆ ಎಳೆದುಕೊಂಡು ಬರುವವರು.

ಆ ಇನ್ನೊಬ್ಬರು ಬಾಗಿಲಲ್ಲಿ ನಿಂತು ಗೋಡೆಯನ್ನು ನೋಡುತ್ತಿದ್ದರು.

"ಬಾಗಿಲು ಹಾಕಿ ಸಾರ್," ಎಂದೆ.

ಹಾಕಿದರು. ಅರವತ್ತರ ಹತ್ತಿರದ ಮನುಷ್ಯ, ನನಗೆ ಲೇಸರ್ ಹಿಡಿಯಲು ಕಲಿಸಿದ ಗುರು, ತಪ್ಪು ಮಾಡಿದ ಹುಡುಗನ ಹಾಗೆ ನಿಂತಿದ್ದರು. ಕನಿಕರ ಬರಬೇಕಿತ್ತು. ಬರಲಿಲ್ಲ.

"ಹೊರಗೆ ಅವನನ್ನ ಹಿಡಿದು ಕೂರಿಸಿದಾರೆ. ನಿಮಗೆ ಗೊತ್ತಿತ್ತು. ಬೆಳಿಗ್ಗೆ ಪರದೆ ನೋಡಿದ ಕೂಡಲೇ ಗೊತ್ತಾಗಿತ್ತು."

"ಚೌಕಟ್ಟಿಗೆ ಮಾತ್ರ ಹಚ್ಚೋಣ ಅಂತಿದ್ದೆ ಅಂಬುಜಾ. ಎಳೆದ ಮೂರು ಬೆರಳೂ ಹಾಗೇ ಹರಳಿನ ಮೇಲೆ ಹೋದ್ವು. ಅಂಗವಸ್ತ್ರದಲ್ಲಿ ಗೆರೆಯ ಉದ್ದಕ್ಕೇ ಒರೆಸಿದೆ. ಹೋಯ್ತು ಅಂದ್ಕೊಂಡಿದ್ದೆ."

"ನೀವೇ ಅಂಟಿಸಿದ ಆಜ್ಞೆ ಬಾಗಿಲ ಮೇಲಿದೆ!"

"ನಾನೇ ಅಂಟಿಸಿದ್ದು," ಎಂದರು.

"ಹೋಗಿ ಹೇಳಿ ಸಾರ್. ಈಗಲೇ. ನೀವು ಹೇಳದಿದ್ರೆ ನಾನು ಹೇಳ್ತೀನಿ."

"ಹೇಳು. ಆದ್ರೆ ಒಂದು ಯೋಚನೆ ಮಾಡು. ಈಗ ಹೇಳಿದ್ರೆ ಚನ್ನಕೇಶವ ನಂಬಲ್ಲ. ಕೆಲಸದೋನನ್ನ ಉಳಿಸೋಕೆ ಮುದುಕ ಕತೆ ಕಟ್ತಿದಾನೆ ಅಂತಾನೆ. ಯಂತ್ರ ಕೆಲಸ ಮಾಡ್ಲಿಲ್ಲ ಅಂದ್ರೆ ಅವರಿಗೆ ಯಾರಾದ್ರೂ ಒಬ್ಬ ಬೇಕೇ ಬೇಕು, ನಾನಂತೂ ಸಾಲಲ್ಲ. ಮೊದಲು ಇದನ್ನ ನಡೆಸೋಣ. ಆಮೇಲೆ ನಾನು ಹೇಳ್ತೀನಿ."

ಅದರಲ್ಲಿ ಅರ್ಧ ನಿಜವಿತ್ತು, ಅರ್ಧ ಹೆದರಿಕೆಯಿತ್ತು. ಎಷ್ಟು ಯಾವುದು ಎಂದು ಅಳೆಯುತ್ತ ಕೂರಲು ಹೊತ್ತಿರಲಿಲ್ಲ. ಕಮಿಟಿಯ ಕಾರು ಆಗಲೇ ಹೋಟೆಲು ಬಿಟ್ಟಿದೆಯೆಂದು ಫೋನು ಬಂದಿತ್ತು.

ನಾನು ಮತ್ತೆ ಗೋಡೆಯನ್ನು ನೋಡಿದೆ, ಪರದೆಯನ್ನು ನೋಡಿದೆ. ಗೀರುಗಳು ಅಡ್ಡಡ್ಡ, ಉರಿ ಮಾತ್ರ ನೆಟ್ಟಗೆ. ಕೊಳೆ ಬಟ್ಟೆಯಲ್ಲಿ ಬಸ್ಸಿನ ಗಾಜನ್ನು ಅಡ್ಡಡ್ಡ ಒರೆಸಿದರೆ ಎದುರು ಬರುವ ಲಾರಿಯ ದೀಪ ಮೇಲಕ್ಕೂ ಕೆಳಕ್ಕೂ ಉದ್ದುದ್ದ ಕಾಣುತ್ತದಲ್ಲ, ಇದೂ ಅದೇ. ಬೆಳಕು ಚೆಲ್ಲುವುದು ಗೀರಿನ ದಿಕ್ಕಿಗಲ್ಲ, ಅದಕ್ಕೆ ಲಂಬವಾಗಿ, ನೆಟ್ಟಗೆ. ನಮ್ಮ ಚುಕ್ಕೆಗಳ ಸಾಲಾದರೋ ಎಡದಿಂದ ಬಲಕ್ಕೆ. ಉರಿ ಸಾಲಿನ ಮೇಲೂ ಕೆಳಗೂ ಚೆಲ್ಲಿದೆಯೇ ಹೊರತು ಸಾಲಿನ ಉದ್ದಕ್ಕೆ ಹರಡಿಲ್ಲ. ಮೇಲಿನದನ್ನೂ ಕೆಳಗಿನದನ್ನೂ ಮುಚ್ಚಿಬಿಟ್ಟರೆ ಸಾಲು ಸಾಲಾಗಿಯೇ ಉಳಿಯಬೇಕು.

"ಸಾರ್, ಪುಣ್ಯಕ್ಕೆ ನೀವು ಅಡ್ಡ ಎಳೆದಿದೀರಿ," ಎಂದೆ. "ನಮ್ಮಪ್ಪ ಆಗಿದ್ದಿದ್ರೆ ನೆಟ್ಟಗೆ ನಾಮ ಎಳೀತಿದ್ರು. ಆಗ ಸರ್ಕಾರಕ್ಕೆ ನಿಜವಾಗ್ಲೂ ಪಂಗನಾಮ."

ಅವರು ನಗಲಿಲ್ಲ. ನನಗೂ ನಗು ಬಂದಿರಲಿಲ್ಲ, ಬಾಯಿಗೆ ಬಂದದ್ದು ಅಷ್ಟೆ. ಆದರೆ ಅವರಿಗೆ ಅರ್ಥವಾಯಿತು. ಡ್ರಾಯರಿನಿಂದ ಎರಡು ಹೊಸ ಶೇವಿಂಗ್ ಬ್ಲೇಡು ತೆಗೆದುಕೊಟ್ಟರು. ಅವುಗಳ ಅಂಚನ್ನು ಎದುರುಬದುರಾಗಿ, ನಡುವೆ ಸೀಳಿನಷ್ಟು ಸಂದಿ ಬಿಟ್ಟು, ಮೇಣದಲ್ಲಿ ಒಂದು ತಗಡಿಗೆ ಅಂಟಿಸಿದೆವು. ಅದನ್ನು ಪರದೆಯ ಮುಂದೆ ಅಡ್ಡಲಾಗಿ ನಿಲ್ಲಿಸಿ ಕೂದಲೆಳೆಯಷ್ಟು ಮೇಲೆ ಕೆಳಗೆ ಸರಿಸಬೇಕಿತ್ತು. ಮುನಿರಾಜು ಇದ್ದಿದ್ದರೆ ಅದಕ್ಕೊಂದು ಸ್ಕ್ರೂ ಕೂರಿಸಿಕೊಡುತ್ತಿದ್ದ. ಅವನಿಲ್ಲದೆ ನಾನು ಬೆರಳಲ್ಲೇ ತಟ್ಟಿ ತಟ್ಟಿ ಸರಿಸಿದೆ. ಮೇಲಿನ ಉರಿ ಆರಿತು, ಕೆಳಗಿನದೂ ಆರಿತು. ಕೋಣೆ ಮತ್ತೆ ಕತ್ತಲಾಯಿತು. ಪರೀಕ್ಷೆಗೆಂದು ಒಂದು ಸಂಕೇತ ಬಿಟ್ಟೆ. ಸೀಳಿನಾಚೆ ಮಂಕಾದ ಒಂದು ಚುಕ್ಕೆ ಬಂತು.

ಅಷ್ಟರಲ್ಲಿ ಗೇಟು ತೆರೆದ ಸದ್ದಾಯಿತು.

ಕಮಿಟಿಯ ಮುಖ್ಯಸ್ಥರು ವಾಯುಪಡೆಯ ಗ್ರೂಪ್ ಕ್ಯಾಪ್ಟನ್. ದೆಹಲಿಯಿಂದ ಬಂದಿದ್ದರೂ ಊರು ಮಡಿಕೇರಿ, ಕನ್ನಡ ಚೆನ್ನಾಗಿ ಬರುತ್ತಿತ್ತು. ಅವರ ಜೊತೆಯವರು ಮೊಹರು ಮಾಡಿದ ಒಂದು ಪೆಟ್ಟಿಗೆ ಮೇಜಿನ ಮೇಲಿಟ್ಟರು. "ಇದರೊಳಗೆ ಕೆಲವು ರಾಡಾರುಗಳ ಸಂಕೇತ ಇವೆ," ಎಂದರು ಗ್ರೂಪ್ ಕ್ಯಾಪ್ಟನ್. "ಎಷ್ಟು ಅಂತ ನನಗೆ ಗೊತ್ತು, ನಿಮಗೆ ಗೊತ್ತಿಲ್ಲ. ಒಂದನ್ನಂತೂ ಬೇಕಂತಲೇ ಬಹಳ ಸಣ್ಣದಾಗಿ ಇಟ್ಟಿದೀವಿ. ಯುದ್ಧದಲ್ಲಿ ಕೊಲ್ಲೋದು ಅಂಥದ್ದೇ. ಎಷ್ಟಿವೆ ಹೇಳಿ."

ಚನ್ನಕೇಶವ ಬಾಗಿಲ ಹತ್ತಿರ ಎದೆಯುಬ್ಬಿಸಿ ನಿಂತ. ಅವನ ಹಿಂದೆ ಓಣಿಯಲ್ಲಿ ಸ್ಟೂಲಿನ ಮೇಲಿದ್ದ ಮುನಿರಾಜುವಿನ ಮೊಣಕಾಲು ನನಗೆ ಕಾಣುತ್ತಿತ್ತು. ಬಾಗಿಲು ಮುಚ್ಚಿದರು.

ಪೆಟ್ಟಿಗೆಯ ತಂತಿ ಸಿಕ್ಕಿಸಿ ಸಂಕೇತ ಬಿಟ್ಟೆ. ಒಂದು, ಎರಡು, ಮೂರು ಚುಕ್ಕೆ ಗಟ್ಟಿಯಾಗಿ ಬಂದವು. ನಾಲ್ಕನೆಯದು ಬಲತುದಿಯಲ್ಲಿ. ಉಳಿದದ್ದೆಲ್ಲ ಕತ್ತಲೆ. ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಹಾಳು ಪ್ರೆಸ್ಸು ಆಗಲೇ ಶುರುವಾಗಬೇಕೇ? ಧಡ್ ಅಂದ ಕೂಡಲೇ ಎಲ್ಲ ಚುಕ್ಕೆಗಳೂ ನಡುಗಿದವು. ನಾನು ಮುಂದಿನ ಏಟಿಗೆ ಮುಂಚಿನ ಶಾಂತಿಗಾಗಿ ಕಾದೆ. ಎರಡನೆಯ ಚುಕ್ಕೆಯ ಪಕ್ಕದಲ್ಲಿ ಏನೋ ಇತ್ತು ಅನ್ನಿಸಿತು. ಮತ್ತೆ ಧಡ್. ಹೋಯಿತು. ಇತ್ತೋ, ಗೀರಿನ ಬೆಳಕೋ, ನನ್ನ ಆಸೆಯೋ ಗೊತ್ತಾಗಲಿಲ್ಲ. ನಾಲ್ಕು ಎಂದು ಹೇಳಿ ತಪ್ಪಾದರೆ ಮುನಿರಾಜು ಜೀಪು ಹತ್ತುತ್ತಾನೆ. ಐದು ಎಂದು ತಪ್ಪಾದರೂ ಅಷ್ಟೆ.

ಬ್ಲೇಡಿನ ತಗಡನ್ನು ಉಗುರಿನಿಂದ ಮೆಲ್ಲಗೆ ತಟ್ಟಿದೆ. ಸಂದಿ ಒಂದಿಷ್ಟು ಕೆಳಗಿಳಿಯಿತು. ಪ್ರೆಸ್ಸು ಸುಮ್ಮನಾದ ಗಳಿಗೆಯಲ್ಲಿ ಎರಡನೆಯ ಚುಕ್ಕೆಯ ಎಡಕ್ಕೆ ಸಾಸಿವೆ ಕಾಳಿನಷ್ಟು ಕೆಂಪು ಕಂಡಿತು. ಅಲ್ಲಾಡಲಿಲ್ಲ.

"ಐದು," ಎಂದೆ.

ಗ್ರೂಪ್ ಕ್ಯಾಪ್ಟನ್ ಪರದೆಯ ಹತ್ತಿರ ಬಂದು ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು. "ಐದೇ," ಎಂದು ನೆಟ್ಟಗೆ ನಿಂತರು. "ನಮ್ಮ ಹತ್ತಿರ ಇರೋ ಯಂತ್ರಗಳು ನಾಲ್ಕಕ್ಕೇ ನಿಲ್ತವೆ."

ಕರಿಬಸಪ್ಪನವರು ಮೇಜಿನ ಅಂಚು ಹಿಡಿದುಕೊಂಡರು. ಮುನಿರಾಜು ಉಳಿದ ಎಂದೇ ತಿಳಿದೆ.

"ಒಂದು ಮಾತು," ಎಂದರು ಗ್ರೂಪ್ ಕ್ಯಾಪ್ಟನ್. "ಈ ಬ್ಲೇಡು ಯಾಕೆ? ನೀವು ಕಳಿಸಿದ ನಕ್ಷೆಯಲ್ಲಿ ಇದು ಇರ್ಲಿಲ್ಲ."

ನಾನು ಕರಿಬಸಪ್ಪನವರನ್ನು ನೋಡಿದೆ. ಅವರು ಬ್ಲೇಡನ್ನೇ ನೋಡುತ್ತಿದ್ದರು. ಆ ಖಾಲಿ ಜಾಗಕ್ಕೆ ಚನ್ನಕೇಶವ ಕಾಲಿಟ್ಟ.

"ಹರಳಿಗೆ ಹಾನಿ ಮಾಡಿದಾರೆ ಸಾರ್. ಒಬ್ಬ ಕೆಲಸದವನು, ಹಬ್ಬದ ಹಿಂದಿನ ಸಂಜೆ ಎಲ್ಲರೂ ಹೋದ್ಮೇಲೆ ವಾಪಸ್ ಬಂದಿದ್ದ. ಹಿಡಿದಿದೀನಿ, ಹೊರಗಿದಾನೆ."

"ನೀವು ಯಂತ್ರ ನಡೆದ್ರೆ ಬಿಡ್ತೀನಿ ಅಂದಿದ್ರಿ!" ಎಂದೆ.

"ನೋಡೋಣ ಅಂದಿದ್ದೆ ಮೇಡಂ. ಹಾನಿ ಹಾನೀನೇ."

ಗ್ರೂಪ್ ಕ್ಯಾಪ್ಟನ್ನರ ಮುಖದ ಕಳೆ ಇಳಿಯಿತು. "ಕರೆಸಿ," ಎಂದರು.

ಮುನಿರಾಜುವನ್ನು ಒಳಗೆ ತಂದರು. ಕತ್ತಲ ಕೋಣೆಯಲ್ಲಿ ಪರದೆಯ ಚುಕ್ಕೆಗಳನ್ನು ಕಂಡು, ಅಷ್ಟರ ನಡುವೆಯೂ ಅವನು, "ಬಂತಾ ಮೇಡಂ?" ಎಂದು ಕೇಳಿದ. ಬಂತು ಎಂದು ತಲೆ ಆಡಿಸಿದೆ.

"ಹರಳು ಹಾಳು ಮಾಡಿದ್ದು ನೀನಾ?" ಎಂದರು ಗ್ರೂಪ್ ಕ್ಯಾಪ್ಟನ್.

"ಅಲ್ಲ ಸಾರ್."

"ಹಬ್ಬದ ಹಿಂದಿನ ಸಂಜೆ ಎಲ್ಲರೂ ಹೋದ್ಮೇಲೆ ವಾಪಸ್ ಬಂದಿದ್ದೆಯಂತೆ. ಹೌದಾ?"

"ಬಂದಿದ್ದೆ. ಊಟದ ಡಬ್ಬಿ ತಗೊಂಡು ಹೋಗೋಕೆ."

"ಆಗ ಈ ಕೋಣೆಯಲ್ಲಿ ಯಾರಿದ್ರು? ಯೋಚಿಸಿ ಹೇಳು. ನೀನಲ್ಲ ಅಂದ್ರೆ ಇನ್ಯಾರೋ ಇರ್ಬೇಕು. ಯಾರೂ ಇರ್ಲಿಲ್ಲ ಅಂದ್ರೆ, ನೀನೇ."

ಮುನಿರಾಜು ಕರಿಬಸಪ್ಪನವರನ್ನು ಒಮ್ಮೆ ನೋಡಿದ. ಆ ನೋಟದಲ್ಲಿ ನನಗೆ ಎಲ್ಲ ತಿಳಿದುಹೋಯಿತು. ಅವನು ನೋಡಿದ್ದಾನೆ. ಆವತ್ತಿನ ಸಂಜೆಯೇ ನೋಡಿದ್ದಾನೆ. ಬೆಳಗಿನಿಂದ ಸ್ಟೂಲಿನ ಮೇಲೆ ಪೊಲೀಸರ ನಡುವೆ ಕೂತಾಗಲೂ ಬಾಯಿ ಬಿಟ್ಟಿಲ್ಲ.

"ಯಾರೂ ಇರ್ಲಿಲ್ಲ ಸಾರ್," ಎಂದ ಮುನಿರಾಜು.

ಚನ್ನಕೇಶವ ಪೊಲೀಸರಿಗೆ ಸನ್ನೆ ಮಾಡಿದ. ಇನ್ನು ತಡೆಯಲಾರೆ ಎಂದು ನಾನು ಒಂದು ಹೆಜ್ಜೆ ಮುಂದಿಟ್ಟೆ. ಅಷ್ಟರಲ್ಲಿ ಕರಿಬಸಪ್ಪನವರ ದನಿ ಕೇಳಿತು.

"ಇದ್ದೆ. ನಾನಿದ್ದೆ."

ದೀಪ ಹಾಕಿ ಎಂದರು. ಹಾಕಿದೆ. ಅವರು ಬಲಗೈಯ ಮೂರು ಬೆರಳು ಚಾಚಿ ಗ್ರೂಪ್ ಕ್ಯಾಪ್ಟನ್ನರ ಮುಂದೆ ಹಿಡಿದರು.

"ಈ ಬೆರಳಲ್ಲಿ ವಿಭೂತಿ ಹಚ್ಚಿದೆ. ಮೊದಲನೇ ಹರಳು ಒಡೆದಾಗಿನಿಂದ ನನಗೆ ನಿದ್ದೆ ಇಲ್ಲ. ಇದೂ ಹೋದ್ರೆ ಇಡೀ ಜೀವಮಾನದ ಕೆಲಸ ಹೋಯ್ತು ಅಂತ ಹೆದರಿಕೆ. ಎಲ್ಲರೂ ಅವರವರ ಆಯುಧಕ್ಕೆ ಪೂಜೆ ಮಾಡಿ ಮನೆಗೆ ಹೋದ್ರು. ನನ್ನ ಆಯುಧ ಇದೊಂದೇ. ನಾನೇ ಬೇಡ ಅಂತ ಬೋರ್ಡು ಹಾಕಿ, ನಾನೇ ಕದ್ದು ಮಾಡಿದೆ. ಒಣ ಬಟ್ಟೇಲಿ ಒರೆಸಿ ಗೀರಿದ್ದೂ ನಾನೇ. ಇವನದೇನೂ ತಪ್ಪಿಲ್ಲ. ಬರ್ಕೊಳ್ಳಿ."

ದೆಹಲಿಯಿಂದ ಬಂದ ಇನ್ನಿಬ್ಬರಿಗೆ ಕನ್ನಡ ಬಾರದೆ ಅವರು ಮುಖ ಮುಖ ನೋಡಿಕೊಂಡರು. ಗ್ರೂಪ್ ಕ್ಯಾಪ್ಟನ್ ಹರಳಿನ ಹತ್ತಿರ ಹೋಗಿ, ಕೈ ಹಿಂದೆ ಕಟ್ಟಿಕೊಂಡು ಬಗ್ಗಿ ನೋಡಿದರು. ಆಮೇಲೆ ಚನ್ನಕೇಶವನಿಗೆ, "ಜೀಪು ವಾಪಸ್ ಕಳಿಸಿ. ಕೈತಪ್ಪು ಅಂತ ಬರೀರಿ. ಕೈ ಯಾರದ್ದು ಅಂತ ಅವರೇ ಹೇಳಿದಾರೆ, ಅದನ್ನೂ ಬರೀರಿ," ಎಂದರು. ಅದನ್ನು ಬರೆದ ಮೇಲೆ ಕರಿಬಸಪ್ಪನವರು ಇನ್ನೊಂದು ವರ್ಷವೂ ಈ ಕುರ್ಚಿಯಲ್ಲಿ ಉಳಿಯುವುದಿಲ್ಲವೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಅವರಿಗೂ ಗೊತ್ತಿತ್ತು.

ಕಮಿಟಿ ಹೋಯಿತು. ಮುನಿರಾಜು ಶೆಡ್ಡಿನ ಹಿಂದಿನ ನಲ್ಲಿಯಲ್ಲಿ ಕೈಗೆ ಸೋಪು ಹಚ್ಚಿ ತೊಳೆಯುತ್ತಿದ್ದ. ತೋಳಿನ ಮೇಲೆ ಪೊಲೀಸರ ಬೆರಳಿನ ಗುರುತು ಇನ್ನೂ ಕೆಂಪಗಿತ್ತು. ನಾನು ಟವೆಲು ಕೊಡಲು ಹೋಗಿದ್ದೆ. ಕರಿಬಸಪ್ಪನವರೂ ಬಂದರು. ಬಂದವರು ಎರಡೂ ಕೈ ಎತ್ತಿ ಅವನಿಗೆ ಮುಗಿದರು.

"ಅಯ್ಯೋ, ಕೈ ಮುಗೀಬೇಡಿ ಸಾರ್," ಎಂದ ಮುನಿರಾಜು. ಸಿಟ್ಟಿನಲ್ಲಿ ಹೇಳಲಿಲ್ಲ. ಟವೆಲು ತೆಗೆದುಕೊಂಡು ಒಂದೊಂದೇ ಬೆರಳು ಒರೆಸಿಕೊಳ್ಳುತ್ತ ಹೇಳಿದ. "ಆವತ್ತು ಸಂಜೆ ಡಬ್ಬಿ ತಗೊಂಡು ಹೊರಡ್ತಾ ಬಾಗಿಲ ಸಂದೀಲಿ ನೋಡಿದೆ. ನೀವು ಹರಳಿನ ಮುಂದೆ ಕಣ್ಮುಚ್ಚಿ ನಿಂತಿದ್ರಿ. ಸಾರ್‌ಗೂ ಭಯ ಐತೆ, ನಮ್ಮಂಗೇ ಅವ್ರೂ ಬೇಡ್ಕೊಳ್ತಾರೆ ಅಂತ ಖುಷಿ ಆಯ್ತು. ನಾನೂ ಆಚೆ ಚಪ್ಪಲಿ ಬಿಟ್ಟು ಕೈ ಮುಗಿದೆ. ಹರಳು ಚೆನ್ನಾಗಿರ್ಲಿ, ನಮ್ಮ ಸಾರ್ ಗೆಲ್ಲಲಿ ಅಂತ ಬೇಡ್ಕೊಂಡೆ."

ಟವೆಲನ್ನು ನನ್ನ ಕೈಗೆ ಕೊಟ್ಟ.

"ನೀವು ಪೂಜೆ ಮಾಡಿದ್ದನ್ನ ನಾನ್ ಯಾರಿಗೂ ಹೇಳ್ತಿರ್ಲಿಲ್ಲ ಸಾರ್. ಜೈಲಿಗೆ ಹೋದ್ರೂ ಹೇಳ್ತಿರ್ಲಿಲ್ಲ. ಅವ್ರು ಬಂದು ನನ್ ತೋಳು ಹಿಡಿದಾಗ ನೀವು ಅಲ್ಲೇ ಇದ್ರಲ್ಲ. 'ಇವ್ನು ಅಂಥೋನಲ್ಲ' ಅಂತ ಒಂದ್ ಮಾತು. ನಿಮ್ ಹೆಸ್ರು ಹೇಳೋದೇನೂ ಬೇಕಿರ್ಲಿಲ್ಲ."

ಅವನು ಗೋಡೆಗೆ ಒರಗಿಸಿದ್ದ ಸೈಕಲ್ಲು ತೆಗೆದುಕೊಂಡ. "ನಾಳೆ ಬರ್ತೀನಿ ಮೇಡಂ, ಆ ಬ್ಲೇಡಿಗೊಂದು ಸ್ಕ್ರೂ ಕೂರಿಸ್ಬೇಕು," ಎಂದು ನನಗೆ ಹೇಳಿ ಹೊರಟ. ಸಾರ್‌ಗೆ ಏನೂ ಹೇಳಲಿಲ್ಲ. ಕರಿಬಸಪ್ಪನವರು ಮುಗಿದ ಕೈಗಳನ್ನು ಇಳಿಸಲೂ ತಿಳಿಯದೆ, ಅವನು ಗೇಟು ದಾಟುವವರೆಗೂ ಹಾಗೇ ನಿಂತಿದ್ದರು.